ಕ್ರಯದ ಪುಸ್ತಕ, ಗುತ್ತಿಗೆಯ ಪುಸ್ತಕ

ಕ್ರಯಕ್ಕೂ ಗುತ್ತಿಗೆಗೂ ಇರುವ ವ್ಯತ್ಯಾಸವನ್ನು ಮಂಡ್ಯ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರಯಕ್ಕೆ ಪಡೆದ ಭೂಮಿ ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಗುತ್ತಿಗೆಗೆ ಹಿಡಿದ ಭೂಮಿಯಲ್ಲಿ ಎಷ್ಟೇ ಒಳ್ಳೆಯ ಬೆಳೆ ತೆಗೆದರೂ ಕರಾರಿನ ಅವಧಿ ಮುಗಿದ ದಿನ ಬದುವಿನಿಂದಾಚೆ ನಿಲ್ಲಬೇಕಾಗುತ್ತದೆ. ಜಮೀನಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ಭೇದ ಪುಸ್ತಕದ ವಿಷಯದಲ್ಲಿ ಮಾತ್ರ ನಮ್ಮ ಗಮನಕ್ಕೆ ಬಂದದ್ದು ಈಚೆಗೆ. ನಮ್ಮ ಮಕ್ಕಳು ಓದುವ ಕಾಲೇಜಿನ ಗ್ರಂಥಾಲಯಕ್ಕೆ ಇಂದು ಸೇರುತ್ತಿರುವ ಓದಿನ ಸಾಮಗ್ರಿಯಲ್ಲಿ ದೊಡ್ಡದೊಂದು ಭಾಗ ಕ್ರಯಕ್ಕೆ ಬಂದದ್ದಲ್ಲ, ಗುತ್ತಿಗೆಗೆ ಬಂದದ್ದು. ಇದರಿಂದ ನಮಗೆ ಒದಗಿದ ಲಾಭವೇನು, ಕೈತಪ್ಪಿದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹಳೆಯ ಪದ್ಧತಿ. ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಬರುವ ದಾರಿ ಬಹುಕಾಲ ಒಂದೇ ತೆರನಾಗಿತ್ತು. ಅಧ್ಯಾಪಕರು ತಮ್ಮ ವಿಷಯಕ್ಕೆ ಬೇಕಾದ ಪುಸ್ತಕಗಳ ಪಟ್ಟಿ ಕೊಡುವರು. ಗ್ರಂಥಾಲಯ ಸಮಿತಿ ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಆ ಪಟ್ಟಿಯನ್ನು ಮೊಟಕುಮಾಡುವುದು. ಅದೇ ಪುಸ್ತಕ ಈಗಾಗಲೇ ಕಪಾಟಿನಲ್ಲಿದೆಯೇ ಎಂದು ಗ್ರಂಥಪಾಲರು ನೋಡಿ, ಮೈಸೂರು ಬೆಂಗಳೂರುಗಳ ಮಾರಾಟಗಾರರಿಂದ ದರಪಟ್ಟಿ ತರಿಸಿ, ಆದೇಶ ಕಳುಹಿಸುವರು. ಪುಸ್ತಕದ ಬೆಲೆ ಪೌಂಡು ಡಾಲರುಗಳಲ್ಲಿದ್ದರೆ ಅದನ್ನು ರೂಪಾಯಿಗೆ ಪರಿವರ್ತಿಸಲು ಪ್ರಕಾಶಕರ ಮತ್ತು ಮಾರಾಟಗಾರರ ಒಕ್ಕೂಟದ ‘ಗುಡ್ ಆಫೀಸಸ್ ಕಮಿಟಿ’ ಪ್ರಕಟಿಸುತ್ತಿದ್ದ ದರವನ್ನೇ ದೇಶದ ಗ್ರಂಥಾಲಯಗಳು ಬಹುಮಟ್ಟಿಗೆ ಅನುಸರಿಸುತ್ತಿದ್ದವು; ನೂರಕ್ಕೆ ಹತ್ತರಷ್ಟು ರಿಯಾಯಿತಿ ರೂಢಿಯಾಗಿತ್ತು. ಪುಸ್ತಕ ಬಂದೊಡನೆ ಆಕ್ಸೆಷನ್ ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು, ಒಂದು ಸಂಖ್ಯೆ. ಶೀರ್ಷಿಕೆಯ ಪುಟದ ಮೇಲೊಂದು ಮೊಹರು. ಗ್ರಂಥಾಲಯದವರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪುಟದಲ್ಲಿ ಇನ್ನೊಂದು.

ಈ ಪದ್ಧತಿ ನಿರ್ದುಷ್ಟವಾಗಿತ್ತೆಂದು ಯಾರೂ ಹೇಳಲಾರರು. ಅನುದಾನ ವರ್ಷದ ಕೊನೆಗೆ ಕೈಸೇರಿ, ಮಾರ್ಚ್ ೩೧ರೊಳಗೆ ಅದು ಖರ್ಚಾಗಲೇಬೇಕೆಂಬ ಅವಸರದಲ್ಲಿ, ಓದುಗನಿಗೆ ಬೇಕಾದ ಪುಸ್ತಕಕ್ಕಿಂತ ಮಾರಾಟಗಾರನ ಮಳಿಗೆಯಲ್ಲಿ ಉಳಿದ ಪುಸ್ತಕವೇ ಎಷ್ಟೋ ಕಡೆ ಕಪಾಟು ಸೇರಿದ್ದುಂಟು. ಆದರೂ ಆ ಪದ್ಧತಿಗೆ ಒಂದು ಬಲವಿತ್ತು. ರಿಜಿಸ್ಟರಿನ ಆ ಒಂದು ಸಾಲು ಪುಸ್ತಕದ ಕ್ರಯಪತ್ರವಾಗಿತ್ತು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಮ್ಮೆ ಮಾರಾಟವಾದ ಪ್ರತಿಯನ್ನು ಚಲಾವಣೆಗೆ ಬಂದ ಪ್ರತಿಯೆಂದೇ ಎಣಿಸಬೇಕು. ಅದನ್ನು ಮತ್ತೊಬ್ಬರಿಗೆ ಎರವಲು ಕೊಡಲು ಗ್ರಂಥಾಲಯ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹತ್ತು ಜನ ಓದಲಿ, ಸಾವಿರ ಜನ ಓದಲಿ, ಪಕ್ಕದ ಊರಿನ ಕಾಲೇಜು ತರಿಸಿಕೊಳ್ಳಲಿ, ಪ್ರಕಾಶಕನಿಗೆ ಮತ್ತೆ ಕಾಸು ಸಲ್ಲಬೇಕಾಗಿಲ್ಲ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ೧೯೩೧ರಲ್ಲಿ ಪ್ರಕಟಿಸಿದ, ೧೯೬೨ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ಶಿಕ್ಷಣ ಕೇಂದ್ರವನ್ನು ಕಟ್ಟಿ ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ತಳದಲ್ಲಿ ಈ ಒಡೆತನ ಮಾತಿಲ್ಲದೆಯೇ ಅಡಗಿತ್ತು. ಪುಸ್ತಕವನ್ನು ಬೀಗದಲ್ಲಿಡದೆ ಓದುಗನ ಕೈಗೆ ತಲುಪಿಸಬೇಕೆಂದು ಅವರು ಬೋಧಿಸಿದರು. ಆಗ ಬೀಗವೂ ಬೀಗದ ಕೈಯೂ ಗ್ರಂಥಪಾಲನ ಬಳಿಯೇ ಇದ್ದವು.

ಬದಲಾವಣೆ ಮೊದಲು ತಲೆದೋರಿದ್ದು ಪುಸ್ತಕಗಳಲ್ಲಿ ಅಲ್ಲ, ವಿದ್ವತ್ ಪತ್ರಿಕೆಗಳಲ್ಲಿ. ಕಾಲೇಜಿನ ಮಾತಿನಲ್ಲಿ ಹೇಳುವುದಾದರೆ, ಜರ್ನಲ್ಲುಗಳಲ್ಲಿ. ೧೬೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯೊಡನೆ ನೆಲೆಗೊಂಡ ಈ ಸಂಪ್ರದಾಯ ಬಹುಕಾಲ ವಿದ್ವಾಂಸರ ಸಂಘಗಳ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧದ ಬಳಿಕ ಲಾಭದಾಯಕ ಉದ್ಯಮವಾಗಿ ಬೆಳೆಯಿತು. ಈ ಉದ್ಯಮದ ರೀತಿ ವಿಚಿತ್ರವಾದುದು. ಬರೆಯುವವರಿಗೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಬರೆದುದನ್ನು ಪರಿಶೀಲಿಸುವವರಿಗೂ ಇಲ್ಲ. ಅವರಿಬ್ಬರೂ ಸಂಬಳ ಪಡೆಯುವುದು ವಿಶ್ವವಿದ್ಯಾನಿಲಯದಿಂದ. ಹೀಗೆ ತಯಾರಾದ ಪತ್ರಿಕೆಯನ್ನು ಬೆಲೆ ತೆತ್ತು ಕೊಳ್ಳುವುದೂ ಅದೇ ವಿಶ್ವವಿದ್ಯಾನಿಲಯದ ಗ್ರಂಥಾಲಯ. ಸಕ್ಕರೆ ತುಟ್ಟಿಯಾದರೆ ಬೆಲ್ಲದತ್ತ ತಿರುಗಬಹುದು. ಆದರೆ ಒಂದು ಜರ್ನಲ್ಲಿನಲ್ಲಿ ಬಂದ ಸಂಶೋಧನೆ ಇನ್ನೊಂದರಲ್ಲಿ ಸಿಗುವುದಿಲ್ಲ. ಕೊಳ್ಳುವವನಿಗೆ ಬೇರೆ ದಾರಿಯಿಲ್ಲದ ಮಾರುಕಟ್ಟೆಯಲ್ಲಿ ಬೆಲೆ ಏರಿದ್ದು ಆಶ್ಚರ್ಯವಲ್ಲ. ನಮ್ಮಲ್ಲಿ ೧೯೯೧ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾದಾಗ ವಿದೇಶೀ ಜರ್ನಲ್ಲುಗಳ ಚಂದಾ ಇನ್ನಷ್ಟು ಭಾರವಾಗಿ, ಗ್ರಂಥಾಲಯಗಳು ಒಂದೊಂದಾಗಿ ಅವನ್ನು ಕೈಬಿಟ್ಟವು. ಚಂದಾ ನಿಂತರೂ ಅದುವರೆಗೆ ಬಂದ ಸಂಚಿಕೆಗಳು ರಟ್ಟು ಕಟ್ಟಿಸಿಕೊಂಡು ಕಪಾಟಿನಲ್ಲಿ ನಿಂತೇ ಇದ್ದವು. ಹಿಂದೆ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ.

ಕಂಪ್ಯೂಟರಿನ ಮೂಲಕ ಓದುವ ಕಾಲ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಜರ್ನಲ್ಲು ಈಗ ಅಂಚೆಯಲ್ಲಿ ಬರುವುದಿಲ್ಲ. ಅದು ಪ್ರಕಾಶಕನ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಗ್ರಂಥಾಲಯ ಹಣ ತೆರುವುದು ಅಲ್ಲಿಗೆ ಹೋಗಿ ಓದಿಬರುವ ಅನುಮತಿಗಾಗಿ. ಆ ಅನುಮತಿಯ ಕರಾರುಪತ್ರಕ್ಕೆ ಲೈಸೆನ್ಸ್ ಎಂದು ಹೆಸರು. ಇದು ಬರಿಯ ಕಾಗದದ ವ್ಯತ್ಯಾಸವಲ್ಲ. ೨೦೦೯ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಿಂಡಲ್ ಯಂತ್ರಕ್ಕಾಗಿ ಗಿರಾಕಿಗಳು ಹಣ ಕೊಟ್ಟು ಪಡೆದಿದ್ದ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಆ ಪ್ರತಿಗಳನ್ನು ಮಾರಾಟಕ್ಕಿಟ್ಟವರಿಗೆ ಅದಕ್ಕೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣವನ್ನು ಹಿಂದಿರುಗಿಸಿದರು, ಬಳಿಕ ಕ್ಷಮೆಯನ್ನೂ ಕೇಳಿದರು. ಆದರೆ ಅಂಗಡಿಯವನೊಬ್ಬ ರಾತ್ರಿ ಮನೆಹೊಕ್ಕು ಕಪಾಟಿನ ಪುಸ್ತಕ ಒಯ್ದು, ಮೇಜಿನ ಮೇಲೆ ಹಣವಿಟ್ಟು ಹೋದರೆ ನಾವು ಒಪ್ಪುತ್ತೇವೆಯೇ? ಅಳಿದುಹೋದ ಕಾದಂಬರಿಗಳಲ್ಲೊಂದು ದಾಖಲೆಗಳನ್ನು ಅಳಿಸುವ ಸರ್ಕಾರವನ್ನು ಕುರಿತ ‘ನೈಂಟೀನ್ ಎಯ್ಟಿಫೋರ್’ ಎಂಬುದು ಬೇರೆ ಮಾತು.

ಹೀಗಾಗಿ ಇಂದಿನ ಗ್ರಂಥಪಾಲರು ಪುಸ್ತಕವನ್ನು ಬಲ್ಲವರಾದರೆ ಸಾಲದು, ಕರಾರನ್ನು ಓದಬಲ್ಲವರೂ ಆಗಿರಬೇಕು. ಕರಾರಿನಲ್ಲಿ ಅವರು ಹುಡುಕಬೇಕಾದ ಉತ್ತರಗಳು ಮುಖ್ಯವಾಗಿ ಐದು. ಓದುವ ಹಕ್ಕು ಯಾರಿಗೆ? ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಮಾತ್ರವೇ, ಅಥವಾ ಗ್ರಂಥಾಲಯಕ್ಕೆ ಬಂದು ಕುಳಿತ ನಿವೃತ್ತ ಉಪಾಧ್ಯಾಯರಿಗೂ ಉಂಟೇ? ಎಲ್ಲಿಂದ ಓದಬಹುದು? ಕಾಲೇಜಿನ ಆವರಣದೊಳಗೆ ಮಾತ್ರವೇ, ಹಳ್ಳಿಯ ಮನೆಯಿಂದಲೂ ಸಾಧ್ಯವೇ? ಓದಿದುದನ್ನು ಏನು ಮಾಡಬಹುದು? ಅಚ್ಚು ತೆಗೆದು ತರಗತಿಯಲ್ಲಿ ಹಂಚಬಹುದೇ, ಇನ್ನೊಂದು ಗ್ರಂಥಾಲಯ ಕೇಳಿದರೆ ಒಂದು ಲೇಖನದ ಪ್ರತಿಯನ್ನು ಕಳುಹಿಸಬಹುದೇ? ಮುಂದಿನ ವರ್ಷ ಬೆಲೆ ಎಷ್ಟರವರೆಗೆ ಏರಬಹುದು? ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಕರಾರು ಮುಗಿದ ಮೇಲೆ ಹಣ ತೆತ್ತ ವರ್ಷಗಳ ಸಂಚಿಕೆಗಳಾದರೂ ನಮಗೆ ಉಳಿಯುತ್ತವೆಯೇ?

ಈ ಪ್ರಶ್ನೆಗಳನ್ನು ಕೇಳುವುದು ಸುಲಭ. ಅನುಕೂಲವಾದ ಉತ್ತರ ಪಡೆಯುವುದು ಚೌಕಾಸಿಯ ಶಕ್ತಿಗೆ ಬಿಟ್ಟದ್ದು. ಜರ್ನಲ್ಲುಗಳನ್ನು ಬಿಡಿಬಿಡಿಯಾಗಿ ಕೊಡದೆ, ಬೇಕಾದ ನೂರರ ಜೊತೆಗೆ ಬೇಡದ ಸಾವಿರವನ್ನು ಸೇರಿಸಿ ಒಂದೇ ಮೂಟೆಯಾಗಿ ಮಾರುವುದು ದೊಡ್ಡ ಪ್ರಕಾಶಕರ ರೂಢಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ೨೦೧೯ರಲ್ಲಿ ಎಲ್ಸೆವಿಯರ್ ಸಂಸ್ಥೆಯೊಡನೆ ಕರಾರನ್ನು ನವೀಕರಿಸದೆ ಕೈಬಿಟ್ಟು, ಎರಡು ವರ್ಷ ತಾಳಿ, ೨೦೨೧ರಲ್ಲಿ ಹೊಸ ಒಪ್ಪಂದಕ್ಕೆ ಬಂತು. ಅಷ್ಟು ದೊಡ್ಡ ಗಿರಾಕಿಗೆ ಅದು ಸಾಧ್ಯ. ಮದ್ದೂರಿನ ಅಥವಾ ಮಳವಳ್ಳಿಯ ಒಂದು ಪದವಿ ಕಾಲೇಜು ಹಾಗೆ ಪಟ್ಟು ಹಿಡಿದರೆ ಪ್ರಕಾಶಕನಿಗೆ ಅದು ಗೊತ್ತೂ ಆಗುವುದಿಲ್ಲ.

ಈ ಸಂಕಟಕ್ಕೆ ಕಂಡುಕೊಂಡ ಪರಿಹಾರವನ್ನು ಮಂಡ್ಯದ ಜನಕ್ಕೆ ಹೇಳಲು ಹೊಸ ಉಪಮೆ ಬೇಡ. ಒಬ್ಬೊಬ್ಬ ರೈತನೂ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಲಾರ. ಎಲ್ಲರ ಪರವಾಗಿ ಕನ್ನಂಬಾಡಿಯಲ್ಲಿ ಕಟ್ಟೆ ಎದ್ದಿತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಬಳಿಕ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲಕ್ಕೆ ನೀರು ತಂದಿತು. ಗ್ರಂಥಾಲಯಗಳೂ ಹಾಗೆಯೇ ಒಕ್ಕೂಟ ಕಟ್ಟಿಕೊಂಡು ಒಂದೇ ದನಿಯಲ್ಲಿ ಬೆಲೆ ಮಾತಾಡತೊಡಗಿದವು.

ಇಂಥ ಒಕ್ಕೂಟಗಳ ಇತಿಹಾಸದಲ್ಲಿ ಕರ್ನಾಟಕದ ಹೆಸರು ಹಿಂದೆ ಬಿದ್ದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ೨೦೦೩ರಲ್ಲಿ ತನ್ನ ಕಾಲೇಜುಗಳಿಗಾಗಿ ‘ಹೆಲಿನೆಟ್’ ಎಂಬ ಒಕ್ಕೂಟವನ್ನು ಆರಂಭಿಸಿತು. ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ತನ್ನದೇ ಒಕ್ಕೂಟವನ್ನು ರೂಪಿಸಿತು. ದೇಶದ ಕೃಷಿ ವಿಶ್ವವಿದ್ಯಾನಿಲಯಗಳಿಗೂ ಸಂಶೋಧನಾ ಕೇಂದ್ರಗಳಿಗೂ ೨೦೦೭ರಲ್ಲಿ ‘ಸೆರಾ’ ಎಂಬುದು ಹುಟ್ಟಿತು. ಹೀಗೆ ಮಂಡ್ಯದಂಥ ಒಂದು ಜಿಲ್ಲಾ ಕೇಂದ್ರದಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಒಂದು ನಾಲೆ, ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ೧೯೬೨ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಂಥ ತಾಂತ್ರಿಕ ವಿದ್ಯಾಲಯಗಳಿಗೆ ಇನ್ನೊಂದು, ವಿ.ಸಿ. ಫಾರಂನ ಕೃಷಿ ವಿದ್ವಾಂಸರಿಗೆ ಮತ್ತೊಂದು ಎಂದು ಜ್ಞಾನದ ಹರಿವು ಬೇರೆ ಬೇರೆ ದಿಕ್ಕಿನಿಂದ ಬರುವಂತಾಯಿತು.

ಕಲೆ, ವಿಜ್ಞಾನ, ವಾಣಿಜ್ಯ ಕಲಿಸುವ ಸಾಮಾನ್ಯ ಪದವಿ ಕಾಲೇಜುಗಳ ಸರದಿ ಕೊನೆಗೆ ಬಂತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ೧೯೯೧ರಲ್ಲಿ ಗುಜರಾತಿನಲ್ಲಿ ಆರಂಭಿಸಿದ ‘ಇನ್‌ಫ್ಲಿಬ್‌ನೆಟ್’ ಕೇಂದ್ರದ ಮೂಲಕ ೨೦೧೦ರ ಮೇ ತಿಂಗಳಲ್ಲಿ ‘ಎನ್-ಲಿಸ್ಟ್’ ಎಂಬ ಯೋಜನೆ ಜಾರಿಗೆ ಬಂತು. ಒಂದು ಕಾಲೇಜು ವರ್ಷಕ್ಕೆ ಐದಾರು ಸಾವಿರ ರೂಪಾಯಿ ಕಟ್ಟಿದರೆ ಆರು ಸಾವಿರಕ್ಕೂ ಮಿಕ್ಕಿದ ಜರ್ನಲ್ಲುಗಳೂ ಲಕ್ಷಕ್ಕೂ ಮಿಕ್ಕಿದ ಪುಸ್ತಕಗಳೂ ಓದಲು ತೆರೆದುಕೊಳ್ಳುವ ಏರ್ಪಾಡು ಅದು. ಐದಾರು ಸಾವಿರ ರೂಪಾಯಿಗೆ ಅಂಗಡಿಯಲ್ಲಿ ಎಷ್ಟು ಇಂಗ್ಲಿಷ್ ಪಠ್ಯಪುಸ್ತಕ ಬಂದೀತೆಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ. ೨೦೧೫ರಲ್ಲಿ ಮೂರು ರಾಷ್ಟ್ರೀಯ ಒಕ್ಕೂಟಗಳು ಸೇರಿ ‘ಇ-ಶೋಧಸಿಂಧು’ವಾದವು. ೨೦೨೪ರ ನವೆಂಬರ್ ೨೫ರಂದು ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು: ೨೦೨೫ರಿಂದ ೨೦೨೭ರವರೆಗೆ ಮೂರು ವರ್ಷಕ್ಕೆ ೬,೦೦೦ ಕೋಟಿ ರೂಪಾಯಿ, ೩೦ ಪ್ರಕಾಶಕರು, ಸುಮಾರು ೧೩,೦೦೦ ಜರ್ನಲ್ಲುಗಳು, ೬,೩೦೦ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು ೧.೮ ಕೋಟಿ ಓದುಗರು. ಭಾಗಿಸಿ ನೋಡಿದರೆ ಓದುಗನೊಬ್ಬನಿಗೆ ವರ್ಷಕ್ಕೆ ಸಾವಿರದ ನೂರು ರೂಪಾಯಿಯ ಆಸುಪಾಸು. ಯಾವ ಒಂದು ಕಾಲೇಜೂ ಕನಸಿನಲ್ಲಿಯೂ ಪಡೆಯಲಾಗದ ದರ ಇದು.

ಆದರೆ ನಾಲೆ ಬಂದಿತೆಂದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬಂದಿತೆಂದು ಅರ್ಥವಲ್ಲ. ಈ ಮಾತು ಮದ್ದೂರು ಮಳವಳ್ಳಿಯ ಕೊನೆಭಾಗದ ರೈತರಿಗೆ ಚೆನ್ನಾಗಿ ಗೊತ್ತು. ಕಟ್ಟು ಪದ್ಧತಿಯಲ್ಲಿ ಮೇಲಿನವರಿಗೆ ಹರಿದು ಮಿಕ್ಕ ಮೇಲೆ ತಮ್ಮ ಸರದಿ ಬರುತ್ತದೆಂಬ ಅವರ ದೂರು ಹಳೆಯದು. ಜ್ಞಾನದ ನಾಲೆಗೂ ಇಂಥ ಕೊನೆಭಾಗವಿದೆ. ಚಂದಾ ಕಟ್ಟಿದರೆ ಮುಗಿಯಲಿಲ್ಲ. ವಿದ್ಯಾರ್ಥಿಗಳನ್ನು ನೋಂದಾಯಿಸಿ, ಗುಪ್ತಪದ ಕೊಡಿಸಿ, ಹುಡುಕುವ ಕ್ರಮವನ್ನು ಹೇಳಿಕೊಡುವವರು ಬೇಕು. ಗ್ರಂಥಪಾಲರ ಹುದ್ದೆ ಖಾಲಿಯಿದ್ದರೆ ಅದು ನೀರುಗಂಟಿಯಿಲ್ಲದ ತೂಬು. ರಾಷ್ಟ್ರೀಯ ಚಂದಾದ ಮೊದಲ ಹಂತ ರೂಪುಗೊಂಡದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗಾಗಿ. ಖಾಸಗಿ ಆಡಳಿತದ ಕಾಲೇಜುಗಳು ಅದರ ಹೊರಗುಳಿದವು. ಒಂದೇ ಹಳ್ಳಿಯಿಂದ ಒಂದೇ ಬಸ್ಸಿನಲ್ಲಿ ಬರುವ ಇಬ್ಬರು ಗೆಳತಿಯರಲ್ಲಿ ಸರ್ಕಾರಿ ಕಾಲೇಜಿಗೆ ಹೋಗುವವಳಿಗೆ ತೆರೆದ ಬಾಗಿಲು ಇನ್ನೊಬ್ಬಳಿಗೆ ಮುಚ್ಚಿರುವುದು ಸಾಧ್ಯ. ಇನ್ನು ಸರ್ಕಾರಿ ಕಾಲೇಜಿನವಳಿಗಾದರೂ ಈ ಹಕ್ಕು ಎಷ್ಟು ದಿನ? ಪದವಿ ಮುಗಿದೊಡನೆ ಅವಳು ಕರಾರಿನ ಓದುಗಳಲ್ಲ. ಊರಿಗೆ ಮರಳಿ, ಶಾಲೆಯಲ್ಲಿ ಪಾಠ ಹೇಳುತ್ತ, ಓದನ್ನು ಮುಂದುವರಿಸಬೇಕೆಂಬ ಹಂಬಲವಿರುವವಳ ಪಾಲಿಗೆ ಹದಿಮೂರು ಸಾವಿರ ಜರ್ನಲ್ಲುಗಳು ಒಂದೇ ದಿನದಲ್ಲಿ ಮಾಯವಾಗುತ್ತವೆ. ಹಳೆಯ ಕಪಾಟಿನ ಪುಸ್ತಕವಾದರೋ, ಗ್ರಂಥಪಾಲರು ಮನಸ್ಸು ಮಾಡಿದರೆ, ಅವಳಿಗೆ ಈಗಲೂ ಸಿಕ್ಕೀತು.

ಕಾನೂನು ಈ ವಿಷಯದಲ್ಲಿ ನಮಗೆ ತೀರ ವಿರೋಧಿಯಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಪಠ್ಯಕ್ಕೆ ಬೇಕಾದ ಭಾಗಗಳ ಜೆರಾಕ್ಸ್ ಪ್ರತಿ ತೆಗೆದುಕೊಡುತ್ತಿದ್ದ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ೨೦೧೨ರಲ್ಲಿ ದಾವೆ ಹೂಡಿದ್ದರು. ೨೦೧೬ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಬೋಧನೆಗಾಗಿ ಪ್ರತಿ ಮಾಡುವುದಕ್ಕೆ ಕಾಯಿದೆಯಲ್ಲಿರುವ ವಿನಾಯಿತಿಯನ್ನು ಎತ್ತಿಹಿಡಿಯಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಕಾಯಿದೆಗೆ ೨೦೧೨ರಲ್ಲಿ ಬಂದ ತಿದ್ದುಪಡಿ ಇನ್ನೊಂದು ಉಪಕಾರ ಮಾಡಿತು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವೊಂದು ಕೃತಿಯನ್ನು ಸಂರಕ್ಷಿಸುವುದಕ್ಕಾಗಿ ಅದರ ವಿದ್ಯುನ್ಮಾನ ಪ್ರತಿಯನ್ನು ಮಾಡಿಟ್ಟುಕೊಳ್ಳಬಹುದು. ಆದರೆ ಅದಕ್ಕೊಂದು ಷರತ್ತಿದೆ: ಆ ಕೃತಿಯ ಮುದ್ರಿತ ಪ್ರತಿಯಂಥ ಒಂದು ಪ್ರತಿ ಮೊದಲೇ ಗ್ರಂಥಾಲಯದ ಬಳಿ ಇರಬೇಕು. ಈ ಷರತ್ತನ್ನು ಗಮನಿಸಬೇಕು. ಕಾಪಾಡುವ ಹಕ್ಕು ಸಿಗುವುದು ಪ್ರತಿ ಉಳ್ಳವನಿಗೆ. ಗುತ್ತಿಗೆಯಲ್ಲಿ ಓದುವವನಿಗೆ ಕಾಪಾಡಲು ಕೈಯಲ್ಲಿ ಏನೂ ಇಲ್ಲ.

ಇಲ್ಲಿಂದ ಮುಂದಿನ ಮಾತು ನಮ್ಮ ಭಾಷೆಗೆ, ನಮ್ಮ ಊರಿಗೆ ಸಂಬಂಧಿಸಿದ್ದು. ಮೂವತ್ತು ಪ್ರಕಾಶಕರ ಮೂಟೆಯಲ್ಲಿ ಬರುವುದು ಹೆಚ್ಚಾಗಿ ಇಂಗ್ಲಿಷಿನ, ಜಗತ್ತಿನ ಸಾಮಾನ್ಯ ವಿದ್ಯೆ. ಅದು ಬೇಕು, ಅದಿಲ್ಲದೆ ವಿಜ್ಞಾನವಿಲ್ಲ. ಆದರೆ ಮದ್ದೂರಿನ ಕಾಲೇಜಿನಲ್ಲಿ ಇತಿಹಾಸ ಓದುವ ವಿದ್ಯಾರ್ಥಿ ೧೯೩೮ರ ಶಿವಪುರ ಧ್ವಜ ಸತ್ಯಾಗ್ರಹದ ಮೇಲೆ ಬರೆಯಹೊರಟರೆ ಅವನಿಗೆ ಬೇಕಾದ ಕಾಗದಗಳು ಆ ಮೂಟೆಯಲ್ಲಿ ಬರುವ ಬಗೆಯವಲ್ಲ. ಆ ಸತ್ಯಾಗ್ರಹದ ಮುಂದಾಳುಗಳಲ್ಲೊಬ್ಬರಾದ ಎಚ್.ಕೆ. ವೀರಣ್ಣಗೌಡರು ನಡೆಸಿದ ‘ಚಿತ್ರಗುಪ್ತ’ ಪತ್ರಿಕೆಯ ಸಂಚಿಕೆಗಳನ್ನು ಅವನು ಬೇರೆಲ್ಲಿಯೋ ಹುಡುಕಬೇಕು. ಬೆಸಗರಹಳ್ಳಿಯಲ್ಲಿ ಹುಟ್ಟಿ, ವೈದ್ಯರಾಗಿ ಹಳ್ಳಿಯ ಬಾಳನ್ನು ಕಂಡು, ಕತೆ ಬರೆದ ಬೆಸಗರಹಳ್ಳಿ ರಾಮಣ್ಣನವರ ಸಂಕಲನಗಳ ಮೊದಲ ಮುದ್ರಣಗಳು, ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಪುಟಗಳು, ಸಕ್ಕರೆ ಕಾರ್ಖಾನೆಯ ವರದಿಗಳು, ನಾಲೆಯ ಕುರಿತ ಸರ್ಕಾರಿ ಪುಸ್ತಿಕೆಗಳು, ಊರ ಹಿರಿಯರಿಗೆ ಅರ್ಪಿಸಿದ ಅಭಿನಂದನ ಗ್ರಂಥಗಳು, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳು, ಇವುಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಯಾವುದೂ ಇಲ್ಲ. ಇವನ್ನು ಕೊಳ್ಳಬೇಕು, ಬೇಡಿ ತರಬೇಕು, ತಂದು ಕಾಪಾಡಬೇಕು.

ಕೊಳ್ಳುವ ನಿಯಮಗಳೋ ಇಂಥ ಸಾಮಗ್ರಿಗೆ ಹೊಂದುವಂತಿಲ್ಲ. ಮೂರು ಕಡೆಯಿಂದ ದರಪಟ್ಟಿ ತರಿಸಿ ಕಡಿಮೆ ಬೆಲೆಯವನಿಂದ ಕೊಳ್ಳಬೇಕೆಂಬುದು ಪಠ್ಯಪುಸ್ತಕಕ್ಕೂ ಕುರ್ಚಿ ಮೇಜಿಗೂ ಸರಿಯಾದ ನ್ಯಾಯ. ಐನೂರು ಪ್ರತಿ ಅಚ್ಚಾಗಿ, ಸಮಾರಂಭದ ದಿನ ಹಂಚಿಹೋಗಿ, ಉಳಿದ ಒಂದೇ ಪ್ರತಿ ಒಬ್ಬ ಹಿರಿಯರ ಅಟ್ಟದ ಮೇಲಿದ್ದರೆ ಅದಕ್ಕೆ ಮೂರು ದರಪಟ್ಟಿ ಎಲ್ಲಿಂದ ಬರಬೇಕು? ಗ್ರಂಥಪಾಲರಿಗೆ ವರ್ಷಕ್ಕೊಂದು ಸಣ್ಣ ಮೊತ್ತವನ್ನು ಇಂಥ ಸಂಗ್ರಹಕ್ಕೆಂದೇ ಬಿಟ್ಟುಕೊಟ್ಟು, ಅವರ ವಿವೇಚನೆಯನ್ನು ನಂಬುವುದೊಂದೇ ಇದಕ್ಕೆ ದಾರಿ.

ಒಟ್ಟಿನಲ್ಲಿ ಕಾಲೇಜಿನ ಗ್ರಂಥಾಲಯ ಎರಡು ಬಗೆಯ ಲೆಕ್ಕವನ್ನು ಇಡಬೇಕಾಗಿದೆ. ದಿನದಿನಕ್ಕೆ ಹೊಸದಾಗುವ ವಿಜ್ಞಾನ, ವೈದ್ಯ, ತಂತ್ರವಿದ್ಯೆಗಳ ಜರ್ನಲ್ಲುಗಳನ್ನು ಒಕ್ಕೂಟದ ಮೂಲಕ ಗುತ್ತ��ಗೆಗೆ ಪಡೆಯುವುದೇ ಜಾಣತನ. ಆ ಗುತ್ತಿಗೆಯಲ್ಲಿ ಮೂರು ಮಾತುಗಳನ್ನು ಒಕ್ಕೂಟದವರು ನಮ್ಮ ಪರವಾಗಿ ಬಿಡದೆ ಕೇಳಲಿ: ಹಣ ಕೊಟ್ಟ ವರ್ಷಗಳ ಸಂಚಿಕೆ ಮುಂದೆಯೂ ಓದಲು ಸಿಗಬೇಕು, ಗ್ರಂಥಾಲಯದೊಳಗೆ ಬಂದು ಕುಳಿತ ಯಾವ ನಾಗರಿಕನನ್ನೂ ಹೊರಗಿಡಬಾರದು, ಬೇರೆ ಗ್ರಂಥಾಲಯ ಕೇಳಿದಾಗ ಒಂದು ಲೇಖನವನ್ನಾದರೂ ಕಳುಹಿಸಲು ಬಿಡಬೇಕು. ಇನ್ನು ನಮ್ಮ ನುಡಿಯದು, ನಮ್ಮ ನೆಲದ್ದು, ಮತ್ತೆ ಮುದ್ರಣವಾಗುವ ನಂಬಿಕೆಯಿಲ್ಲದ್ದು ಏನಿದೆಯೋ ಅದನ್ನು ಮಾತ್ರ ಯಾರ ಕೃಪೆಗೂ ಬಿಡದೆ ಕ್ರಯಕ್ಕೆ ತಂದು, ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ಬರೆದಿಡಬೇಕು. ಚಂದಾ ಉಚಿತವಾಗಿ ಬರುತ್ತಿದೆಯೆಂದು ಪುಸ್ತಕದ ಹಣವನ್ನೇ ಕಡಿತಗೊಳಿಸುವ ಮನಸ್ಸು ಆಡಳಿತದವರಿಗೆ ಬಂದರೆ, ನಾಲೆ ಬಂತೆಂದು ಊರ ಕೆರೆಯನ್ನು ಮುಚ್ಚಿದಂತಾಗುತ್ತದೆ.

ಇದರಲ್ಲಿ ಕಾಲೇಜಿನ ಹೊರಗಿರುವ ನಮ್ಮ ಪಾಲೂ ಇದೆ. ನಮ್ಮ ನಮ್ಮ ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಪತ್ರಿಕೆಯ ಸಂಪುಟಗಳು, ತಾತನ ಕಾಲದ ಕರಪತ್ರಗಳು, ಯಾವುದೋ ನಾಟಕ ಸಂಘದ ಸ್ಮರಣ ಸಂಚಿಕೆ ಇದ್ದೀತು. ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಗ್ರಂಥಪಾಲರಿಗೆ ಒಮ್ಮೆ ತೋರಿಸಬಹುದು. ಹದಿಮೂರು ಸಾವಿರ ಜರ್ನಲ್ಲುಗಳನ್ನು ದೇಶ ನಮಗಾಗಿ ತರಿಸಿಕೊಟ್ಟಿದೆ. ಆ ಒಂದು ಸಂಚಿಕೆಯನ್ನು ಮಾತ್ರ ನಾವೇ ಕೊಡಬೇಕು.